ಹುಳಿಯನ್ನು ಸಿಹಿಯಾಗಿಸುವ ಕೆಂಪು ಹಣ್ಣು

ನೆಲ್ಲಿಕಾಯಿ ತಿಂದೊಡನೆ ನೀರು ಕುಡಿದರೆ ಸಿಹಿಯೆನಿಸುವುದು ಕನ್ನಡಿಗರಿಗೆ ಬಾಲ್ಯದಿಂದಲೇ ಪರಿಚಿತ. ನಾಲಿಗೆಗೆ ಇದಕ್ಕಿಂತಲೂ ದೊಡ್ಡ ಭ್ರಮೆ ಹುಟ್ಟಿಸುವುದು ಪಶ್ಚಿಮ ಆಫ್ರಿಕಾ ಮೂಲದ 'ಮಿರಾಕಲ್ ಫ್ರೂಟ್'. ಇದರ ತಿರುಳನ್ನು ನಾಲಿಗೆಯ ಮೇಲೆ ಹೊರಳಿಸಿ, ಬೀಜ ಉಗುಳಿ, ನಂತರ ನಿಂಬೆಹಣ್ಣು ಕಚ್ಚಿದರೆ ಕಿತ್ತಳೆಯಂತೆ ಸಿಹಿ! ಈ ಪ್ರಭಾವ ಅರ್ಧ ಗಂಟೆಯಿಂದ ಒಂದೆರಡು ಗಂಟೆಯವರೆಗೆ ಇರುತ್ತದೆ.

ಸಪೋಟ, ಹಿಪ್ಪೆ ಮತ್ತು ಬಕುಳದ ಕುಟುಂಬಕ್ಕೇ ಸೇರಿದ ಈ ಪೊದೆಯಲ್ಲಿ ಎರಡು-ಮೂರು ಸೆಂಟಿಮೀಟರ್ ಉದ್ದದ, ಒಂಟಿ ಬೀಜದ ಕೆಂಪು ಹಣ್ಣುಗಳಾಗುತ್ತವೆ. ಫ್ರೆಂಚ್ ಪ್ರವಾಸಿ ಶೆವಾಲಿಯೆ ದೆ ಮಾರ್ಷೆ 18ನೇ ಶತಮಾನದಲ್ಲಿಯೇ ಇದರ ಗುಣವನ್ನು ದಾಖಲಿಸಿದ್ದರು. ಗುಣಕ್ಕೆ ಕಾರಣವಾದ 'ಮಿರಾಕ್ಯುಲಿನ್' ಎಂಬ ಪ್ರೋಟೀನನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1968ರಲ್ಲಿ.

ಮಿರಾಕ್ಯುಲಿನ್ ಸ್ವತಃ ಸಿಹಿಯಲ್ಲ. ಅದು ನಾಲಿಗೆಯಲ್ಲಿ ಸಿಹಿಯನ್ನು ಗ್ರಹಿಸುವ ಕೋಶಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಹುಳಿ ತಗುಲಿದಾಗ ಮಾತ್ರ ಆ ಕೋಶಗಳನ್ನು ಪ್ರಚೋದಿಸುತ್ತದೆ. ಆದ್ದರಿಂದ ಹುಳಿಯಿಲ್ಲದ ಅನ್ನ, ಹಾಲುಗಳ ರುಚಿ ಹೆಚ್ಚೇನೂ ಬದಲಾಗದು. ಬಿಸಿ ಮಾಡಿದರೆ ಈ ಪ್ರೋಟೀನ್ ಹಾಳಾಗುವುದರಿಂದ ಹಣ್ಣಿನ ಜಾಮ್ ಮಾಡಿ ಪ್ರಯೋಜನವಿಲ್ಲ.

ಇದಕ್ಕೆ ತದ್ವಿರುದ್ಧವಾದ ಬಳ್ಳಿ ನಮ್ಮಲ್ಲಿಯೇ ಇದೆ. ಅದು ಕರ್ನಾಟಕದ ಕಾಡುಗಳಲ್ಲಿ ಬೆಳೆಯುವ ಮಧುನಾಶಿನಿ. ಇದರ ಎಲೆ ಅಗಿದ ಮೇಲೆ ಸಕ್ಕರೆ ಬಾಯಲ್ಲಿ ಮರಳಿನಂತೆ ಸಪ್ಪೆ. ಎಲೆಯಲ್ಲಿನ ಜಿಮ್ನೆಮಿಕ್ ಆಮ್ಲಗಳು ಸಿಹಿಯ ಗ್ರಾಹಕಗಳನ್ನು ಮುಚ್ಚಿಬಿಡುತ್ತವೆ. ಉದಕಮಂಡಲದಲ್ಲಿ ಸರಕಾರಿ ಸೇವೆಯಲ್ಲಿದ್ದ ಡೇವಿಡ್ ಹೂಪರ್ 1887ರಲ್ಲಿಯೇ ಈ ಎಲೆಯನ್ನು ವಿಶ್ಲೇಷಿಸಿದ್ದರು.

ಮಿರಾಕಲ್ ಫ್ರೂಟ್ ಸಕ್ಕರೆಗೆ ಪರ್ಯಾಯವಾದೀತೆಂಬ ಆಸೆ ಹಳೆಯದು. ಆದರೆ 1974ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದನ್ನು ಪರೀಕ್ಷೆಗೊಳಪಡಬೇಕಾದ ಆಹಾರ ಸಂಯೋಜಕವೆಂದು ಪರಿಗಣಿಸಿದ್ದರಿಂದ ಅಲ್ಲಿನ ಉದ್ಯಮಕ್ಕೆ ತಡೆ ಬಿತ್ತು. ಐರೋಪ್ಯ ಒಕ್ಕೂಟ 2021ರಲ್ಲಿ ಒಣಹಣ್ಣಿಗೆ ಪೂರಕ ಆಹಾರವಾಗಿ ಅನುಮತಿ ನೀಡಿತು. ಅದೂ ವಯಸ್ಕರಿಗೆ ಮಾತ್ರ. ಗರ್ಭಿಣಿಯರು ಹಾಗೂ ಹಾಲೂಡಿಸುವ ತಾಯಂದಿರಿಗಿಲ್ಲ. ಕೀಮೋಥೆರಪಿಯಿಂದ ನಾಲಿಗೆಯ ರುಚಿ ಕೆಟ್ಟವರಿಗೆ ಇದು ನೆರವಾಗುವುದೇ ಎಂಬ ಬಗ್ಗೆ ಸಣ್ಣ ಪ್ರಯೋಗಗಳು ನಡೆದಿವೆ. ಅವುಗಳ ಆಧಾರದಲ್ಲಿ ಅಂತಿಮ ತೀರ್ಮಾನ ಸಾಧ್ಯವಿಲ್ಲ.

ಮಧುಮೇಹಿಗಳು ಗಮನಿಸಬೇಕಾದುದು ಇಷ್ಟು. ಈ ಹಣ್ಣು ಬದಲಿಸುವುದು ರುಚಿಯನ್ನೇ ಹೊರತು ತಿಂದ ಪದಾರ್ಥವನ್ನಲ್ಲ. ಸಕ್ಕರೆ ಬೆರೆಸದ ನಿಂಬೆರಸ ಕುಡಿಯಲು ಅನುಕೂಲವಾದೀತು, ಆದರೆ ಮಾವಿನಹಣ್ಣಿನ ಸಕ್ಕರೆ ರಕ್ತಕ್ಕೆ ಸೇರದೆ ಇರದು. ಹುಳಿ ನಾಲಿಗೆಗೆ ತಿಳಿಯದೆಂದು ನಿಂಬೆಹಣ್ಣುಗಳನ್ನು ಒಂದರ ಮೇಲೊಂದು ತಿಂದರೆ ಹಲ್ಲಿನ ಹೊರಪದರ ಸವೆಯುತ್ತದೆ, ಹೊಟ್ಟೆಯುರಿಯೂ ಬರಬಹುದು. ಮಧುನಾಶಿನಿಯನ್ನು ಮಧುಮೇಹದ ಮಾತ್ರೆಯೊಂದಿಗೆ ಸೇವಿಸಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯುವ ಸಂಭವವಿದೆ; ವೈದ್ಯರಿಗೆ ತಿಳಿಸದೆ ಸೇವಿಸಕೂಡದು.

ಗಿಡ ಬೆಳೆಸಬಯಸುವವರಿಗೂ ಒಂದು ಮಾತು. ಇದಕ್ಕೆ ಆಮ್ಲೀಯ ಮಣ್ಣು, ತೇವ ಹಾಗೂ ಅರೆನೆರಳು ಬೇಕು. ನೆಲಮಂಗಲ ಬಳಿಯ ಅರಿಶಿನಕುಂಟೆಯಂತಹ ಊರುಗಳಲ್ಲಿ ಕೊಳವೆಬಾವಿಯ ಗಡಸು ನೀರುಣಿಸುವವರು ಮೊದಲು ಮಣ್ಣು, ನೀರನ್ನು ಪರೀಕ್ಷಿಸುವುದು ಒಳಿತು. ಕುಂಡದಲ್ಲಿ ಬೆಳೆಸಿ ಮಳೆನೀರು ಹಾಕುವುದು ಸುಲಭ ಮಾರ್ಗ. ಬೀಜದಿಂದ ಬೆಳೆಸಿದ ಗಿಡ ಫಲ ಕೊಡಲು ಮೂರು-ನಾಲ್ಕು ವರ್ಷ ಕಾಯಬೇಕು. ಕಿತ್ತ ಹಣ್ಣು ಬೇಗ ಕೆಡುವುದರಿಂದ ಅಂದೇ ತಿನ್ನಬೇಕು, ಇಲ್ಲವೇ ಫ್ರೀಜರಿನಲ್ಲಿಡಬೇಕು.