ಉಕ್ಕಿನ ಮನುಷ್ಯರ ಸ್ಪರ್ಧೆ

ಈಜು, ಸೈಕಲ್ ಸವಾರಿ, ಓಟ ಇವು ಮೂರೂ ನಮಗೆ ಚಿರಪರಿಚಿತವಾದ ವ್ಯಾಯಾಮಗಳು. ಆದರೆ ಈ ಮೂರನ್ನೂ ಒಂದೇ ದಿನ, ಒಂದರ ಹಿಂದೆ ಒಂದರಂತೆ, ನಡುವೆ ವಿಶ್ರಾಂತಿಯಿಲ್ಲದೆ ಪೂರೈಸಬೇಕಾದರೆ? ಅದರಲ್ಲಿಯೂ ಮೊದಲು ಸಮುದ್ರದಲ್ಲಿ 3.8 ಕಿಲೋಮೀಟರ್ ಈಜಿ, ಅನಂತರ 180 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ 42.2 ಕಿಲೋಮೀಟರ್ ಓಡಬೇಕಾದರೆ? ಕೇಳಿದವರಿಗೆ ಇದು ಕಟ್ಟುಕಥೆಯೆಂದೇ ತೋರೀತು. ಆದರೂ ಪ್ರತಿವರ್ಷ ಲೋಕದ ನಾನಾ ಭಾಗಗಳಲ್ಲಿ ಸಾವಿರಾರು ಸ್ತ್ರೀಪುರುಷರು ಈ ಸಾಹಸವನ್ನು ಕೈಗೊಂಡು ಮುಗಿಸುತ್ತಾರೆ. ಇದಕ್ಕೆ ದೀರ್ಘದೂರದ ಟ್ರಯಥ್ಲಾನ್ ಎಂದು ಹೆಸರು. ಗ್ರೀಕ್ ಭಾಷೆಯಿಂದ ಬಂದ ಈ ಮಾತಿಗೆ ಮೂರು ಸ್ಪರ್ಧೆಗಳ ಕೂಟವೆಂದು ಅರ್ಥ.

ಈ ಸ್ಪರ್ಧೆ ಹುಟ್ಟಿದ್ದು ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಈಜುಗಾರ, ಸೈಕಲ್ ಸವಾರ, ಓಟಗಾರ ಈ ಮೂವರಲ್ಲಿ ಹೆಚ್ಚು ದೇಹದಾರ್ಢ್ಯವುಳ್ಳವರು ಯಾರು ಎಂಬ ಚರ್ಚೆ ಅಲ್ಲಿನ ಕ್ರೀಡಾಪಟುಗಳಲ್ಲಿ ಒಮ್ಮೆ ತಲೆದೋರಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಎಂಬಾತನು ಆ ಚರ್ಚೆಯನ್ನು ಮುಗಿಸಲು ಹೊಸದೊಂದು ಉಪಾಯವನ್ನು ಸೂಚಿಸಿದನು. ಒವಾಹು ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳ ದೂರವನ್ನು ಒಂದಾಗಿ ಪೋಣಿಸಿ, ಮೊದಲು ಮುಗಿಸಿದವನನ್ನು ‘ಐರನ್‌ಮ್ಯಾನ್’, ಎಂದರೆ ಉಕ್ಕಿನ ಮನುಷ್ಯ, ಎಂದು ಕರೆಯೋಣವೆಂದನು. 1978ರ ಫೆಬ್ರವರಿ 18ರಂದು 15 ಜನ ಕಡಲಿಗಿಳಿದರು. 12 ಜನ ಗುರಿ ಮುಟ್ಟಿದರು. ಗಾರ್ಡನ್ ಹ್ಯಾಲರ್ ಎಂಬಾತನು 11 ಗಂಟೆ 46 ನಿಮಿಷ 58 ಸೆಕೆಂಡುಗಳಲ್ಲಿ ಮೊದಲಿಗನಾದನು. ಎರಡನೆಯವನಾದ ಜಾನ್ ಡನ್‌ಬಾರನ ಸಹಾಯಕರ ಬಳಿ ದಾರಿಯಲ್ಲಿ ನೀರು ಮುಗಿದುಹೋಯಿತು. ಅವರು ಅವನಿಗೆ ನೀರಿನ ಬದಲು ಬಿಯರನ್ನು ಕುಡಿಸಿದರು! ಬಿಸಿಲಿನಲ್ಲಿ ದುಡಿಯುವ ದೇಹಕ್ಕೆ ಏನು ಬೇಕೆಂಬ ವಿಷಯದಲ್ಲಿ ಅಂದಿನವರ ತಿಳುವಳಿಕೆ ಎಷ್ಟಿತ್ತೆಂಬುದಕ್ಕೆ ಇದೊಂದು ನಿದರ್ಶನ.

1981ರಲ್ಲಿ ಈ ಸ್ಪರ್ಧೆಯನ್ನು ಹವಾಯಿಯ ದೊಡ್ಡ ದ್ವೀಪದ ಪಶ್ಚಿಮ ತೀರದಲ್ಲಿರುವ ಕೋನಾ ಪ್ರದೇಶಕ್ಕೆ ವರ್ಗಾಯಿಸಲಾಯಿತು. ಅಗ್ನಿಪರ್ವತಗಳು ಉಗುಳಿದ ಲಾವಾರಸ ಹೆಪ್ಪುಗಟ್ಟಿ ಆ ಪ್ರದೇಶವೆಲ್ಲ ಕರಿಯ ಬಂಡೆಯ ಬಯಲಾಗಿದೆ. ಅದರ ನಡುವೆ ಹೆದ್ದಾರಿಯೊಂದು ಹಾದುಹೋಗುತ್ತದೆ. ದಾರಿಯ ಬಹುಭಾಗದಲ್ಲಿ ತಂಗಲು ಮರದ ನೆರಳಿಲ್ಲ. ಮೇಲಿನಿಂದ ಸೂರ್ಯನ ಬಿಸಿಲು, ಕೆಳಗಿನಿಂದ ಕರಿಯ ಕಲ್ಲಿನ ಕಾವು, ಪಕ್ಕದ ಸಮುದ್ರದಿಂದ ತೇವಭರಿತ ಗಾಳಿ. ಇವುಗಳ ನಡುವೆ ಸ್ಪರ್ಧಾಳು ಬೆಳಗಿನಿಂದ ಸಂಜೆಯವರೆಗೆ, ಕೆಲವೊಮ್ಮೆ ನಡುರಾತ್ರಿಯವರೆಗೆ, ಸಾಗಬೇಕು. ಗುರಿ ಮುಟ್ಟಲು ಕೊಡುವ ಕಾಲಾವಧಿ ಸುಮಾರು 17 ಗಂಟೆ.

1982ರ ಫೆಬ್ರವರಿಯಲ್ಲಿ ಇಲ್ಲಿ ನಡೆದ ಘಟನೆಯೊಂದು ಜಗತ್ತಿನ ಗಮನವನ್ನು ಸೆಳೆಯಿತು. ಜೂಲಿ ಮಾಸ್ ಎಂಬ 23 ವರ್ಷದ ವಿದ್ಯಾರ್ಥಿನಿ ತನ್ನ ಕಾಲೇಜಿನ ಅಧ್ಯಯನಕ್ಕಾಗಿ ಈ ಸ್ಪರ್ಧೆಯಲ್ಲಿ ಭಾಗವಹಿಸಿದ್ದಳು. ಯಾರೂ ನಿರೀಕ್ಷಿಸದಿದ್ದ ಹಾಗೆ ಆಕೆ ಮಹಿಳೆಯರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಆದರೆ ಗುರಿ ಕಣ್ಣಳತೆಗೆ ಬರುವ ಹೊತ್ತಿಗೆ ಆಕೆಯ ಕಾಲುಗಳು ಕುಸಿದವು. ಎದ್ದಳು, ನಡೆದಳು, ಮತ್ತೆ ಬಿದ್ದಳು. ಕಡೆಗೆ ಕೈಕಾಲುಗಳನ್ನೂರಿ ತೆವಳುತ್ತಿದ್ದಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಎಂಬ ಯುವತಿ ಆಕೆಯನ್ನು ದಾಟಿ ಮೊದಲಿಗಳಾದಳು. ಕೇವಲ 29 ಸೆಕೆಂಡುಗಳ ಅನಂತರ ಜೂಲಿ ತೆವಳಿಕೊಂಡೇ ಗೆರೆಯನ್ನು ಮುಟ್ಟಿದಳು. ದೂರದರ್ಶನದಲ್ಲಿ ಈ ದೃಶ್ಯವನ್ನು ಕಂಡವರು ಆಕೆಯ ಛಲವನ್ನು ಕೊಂಡಾಡಿದರು. ಆ ಛಲ ಕೊಂಡಾಡತಕ್ಕದ್ದೇ ಸರಿ. ಆದರೆ ಜಿಜ್ಞಾಸುವಾದವನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಅಷ್ಟು ಹೊತ್ತು ಹೇಳಿದಂತೆ ಕೇಳಿದ ದೇಹ ಒಮ್ಮೆಲೇ ಏಕೆ ಕೈಕೊಟ್ಟಿತು?

ಇದನ್ನು ತಿಳಿಯಲು ದೇಹದ ಶಾಖದ ಲೆಕ್ಕವನ್ನು ಅರಿಯಬೇಕು. ನಮ್ಮ ಸ್ನಾಯುಗಳು ಒಂದು ಬಗೆಯ ಯಂತ್ರಗಳು. ಅವು ಆಹಾರದಿಂದ ಪಡೆದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗ ಮಾತ್ರ ಚಲನೆಗೆ ಒದಗುತ್ತದೆ, ಉಳಿದುದೆಲ್ಲ ಶಾಖವಾಗುತ್ತದೆ. 70 ಕಿಲೋಗ್ರಾಂ ತೂಕದ ಒಬ್ಬನು ಗಂಟೆಗೆ 12 ಕಿಲೋಮೀಟರ್ ವೇಗದಿಂದ ಓಡುತ್ತಿರುವನೆಂದು ಭಾವಿಸೋಣ. ಒಂದು ಕಿಲೋಗ್ರಾಂ ತೂಕ ಒಂದು ಕಿಲೋಮೀಟರ್ ಸಾಗಲು ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ಬೇಕು. ಈ ಪ್ರಕಾರ ಅವನು ಗಂಟೆಗೆ 840 ಕಿಲೋಕ್ಯಾಲೊರಿಗಳನ್ನು ವ್ಯಯಮಾಡುತ್ತಾನೆ. ಇದರಲ್ಲಿ ಸುಮಾರು 670 ಕಿಲೋಕ್ಯಾಲೊರಿಗಳು ಶಾಖವಾಗಿ ದೇಹದಲ್ಲಿ ಸೇರುತ್ತವೆ. ಅಷ್ಟು ತೂಕದ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 58 ಕಿಲೋಕ್ಯಾಲೊರಿ ಸಾಕು. ಎಂದರೆ, ಈ ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ, ಸುಮಾರು ಐದು ನಿಮಿಷಕ್ಕೊಂದು ಡಿಗ್ರಿಯಂತೆ ದೇಹದ ಕಾವು ಏರುತ್ತದೆ. 37 ಡಿಗ್ರಿಯಲ್ಲಿರಬೇಕಾದ ದೇಹ ಕಾಲು ಗಂಟೆಯಲ್ಲಿ 40 ಡಿಗ್ರಿಯ ಅಪಾಯದ ಎಲ್ಲೆಯನ್ನು ಮುಟ್ಟುತ್ತದೆ!

ಹೀಗಾಗದಂತೆ ನಮ್ಮನ್ನು ಕಾಪಾಡುವುದು ಬೆವರು. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಿರುವುದನ್ನು ನಾವೆಲ್ಲರೂ ಬಲ್ಲೆವು. ಹೂಜಿಯ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಚರ್ಮವೂ ಅದೇ ರೀತಿ ಕೆಲಸಮಾಡುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ. ಆದರೆ ಇಲ್ಲಿ ‘ಆವಿಯಾದರೆ’ ಎಂಬ ಮಾತನ್ನು ಗಮನಿಸಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹ ತಂಪಾಗುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಬೇಗ ಆವಿಯಾಗದು. ಬಯಲುಸೀಮೆಯ ಬಿಸಿಲಿಗೂ ಕರಾವಳಿಯ ಸೆಕೆಗೂ ಇರುವ ಅಂತರ ಇದೇ. ಆದುದರಿಂದ ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಗಾಳಿಯ ತೇವವನ್ನೂ ಗಮನಕ್ಕೆ ತಂದುಕೊಳ್ಳಬೇಕು.

ಟ್ರಯಥ್ಲಾನಿನ ಮೂರು ಹಂತಗಳಲ್ಲಿ ಈ ಅಪಾಯ ಒಂದೇ ಸಮನಾಗಿರುವುದಿಲ್ಲ. ಈಜುವಾಗ ಸುತ್ತಲಿನ ನೀರು ಶಾಖವನ್ನು ಹೀರುತ್ತದೆ. ನೀರೇ ಬೆಚ್ಚಗಿರುವಲ್ಲಿ ಮೈಗಂಟುವ ರಬ್ಬರಿನ ಈಜುಡುಪನ್ನು ನಿಷೇಧಿಸುತ್ತಾರೆ. ಏಕೆಂದರೆ ಅದು ಶಾಖವನ್ನು ಒಳಗೇ ಬಂಧಿಸಿಡುತ್ತದೆ. ಸೈಕಲ್ ತುಳಿಯುವಾಗ ವೇಗದಿಂದಲೇ ಗಾಳಿ ಬೀಸಿದಂತಾಗಿ ಬೆವರು ಆರುತ್ತದೆ. ಓಟದಲ್ಲಾದರೋ ವೇಗ ಕಡಿಮೆ, ಗಾಳಿಯೂ ಕಡಿಮೆ. ದಣಿವು ಮಾತ್ರ ಹೆಚ್ಚು. ಆದ್ದರಿಂದ ಸೈಕಲ್ ಇಳಿದ ಮೇಲೆಯೇ ನಿಜವಾದ ಪರೀಕ್ಷೆ ಮೊದಲಾಗುತ್ತದೆ.

ಆಗ ದೇಹದೊಳಗೆ ರಕ್ತಕ್ಕಾಗಿ ಪೈಪೋಟಿ ನಡೆಯುತ್ತದೆ. ಆಮ್ಲಜನಕವನ್ನು ಪಡೆಯಲು ಸ್ನಾಯುಗಳಿಗೆ ರಕ್ತ ಬೇಕು. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸಲು ಚರ್ಮಕ್ಕೂ ರಕ್ತ ಬೇಕು. ತಿಂದುದನ್ನೂ ಕುಡಿದುದನ್ನೂ ಹೀರಿಕೊಳ್ಳಲು ಕರುಳಿಗೂ ರಕ್ತ ಬೇಕು. ಆದರೆ ವಯಸ್ಕನ ದೇಹದಲ್ಲಿರುವ ರಕ್ತ ಸುಮಾರು ಐದು ಲೀಟರ್ ಮಾತ್ರ. ಬೆವರಿದಷ್ಟೂ ಅದರಲ್ಲಿನ ನೀರು ಕುಗ್ಗುತ್ತದೆ. ಕೊರತೆಯನ್ನು ತುಂಬಲು ಹೃದಯ ಹೆಚ್ಚು ಹೆಚ್ಚು ಬಡಿಯುತ್ತದೆ. ತಂಪಾದ ಹವೆಯಲ್ಲಿ ಸುಲಭವಾಗಿದ್ದ ವೇಗವೇ ಬಿಸಿಲಿನಲ್ಲಿ ದುಸ್ಸಾಧ್ಯವಾಗುತ್ತದೆ. ಬಲ್ಲವನು ಆಗ ವೇಗವನ್ನು ತಗ್ಗಿಸುತ್ತಾನೆ; ಅರಿಯದವನು ಹಟದಿಂದ ಓಡಿ ಕುಸಿಯುತ್ತಾನೆ.

ಹಾಗಾದರೆ ಬೇಕಾದಷ್ಟು ನೀರು ಕುಡಿದರೆ ಸಾಲದೆ ಎಂದು ಕೇಳಬಹುದು. ಬಿಸಿಲಿನಲ್ಲಿ ದುಡಿಯುವವನು ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರುವುದುಂಟು, ನೀರು ಕುಡಿಯಲೇಬೇಕು. ಆದರೆ ಬೆವರಿನೊಡನೆ ಉಪ್ಪೂ ಹೋಗುತ್ತದೆಂಬುದನ್ನು ಮರೆಯಬಾರದು. ಬೆವರಿದುದಕ್ಕಿಂತ ಹೆಚ್ಚಾಗಿ ಬರಿಯ ನೀರನ್ನೇ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತೆಳುವಾಗಿ, ಮಿದುಳು ಊದಿಕೊಂಡು, ಪ್ರಾಣಕ್ಕೇ ಸಂಚಕಾರ ಬರಬಹುದು. ದೀರ್ಘದೂರದ ಸ್ಪರ್ಧಾಳುಗಳಲ್ಲಿ ಕಾಣುವ ಈ ತೊಂದರೆಯನ್ನು ದಕ್ಷಿಣ ಆಫ್ರಿಕದ ವೈದ್ಯ ಟಿಮೋತಿ ನೋಕ್ಸ್ ಮತ್ತು ಅವರ ಸಂಗಡಿಗರು 1985ರಲ್ಲಿ ವರದಿಮಾಡಿದರು. ಆದಕಾರಣ ಅನುಭವಿಗಳು ಅಭ್ಯಾಸಕ್ಕೆ ಮೊದಲೂ ಅನಂತರವೂ ತಮ್ಮ ತೂಕವನ್ನು ನೋಡಿಕೊಳ್ಳುತ್ತಾರೆ. ಒಂದು ಕಿಲೋಗ್ರಾಂ ತೂಕ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ನಷ್ಟವಾಗಿದೆಯೆಂದು ಅರ್ಥ. ತನ್ನ ಬೆವರಿನ ಪ್ರಮಾಣವನ್ನು ಹೀಗೆ ಅರಿತವನು ನೀರನ್ನೂ ಉಪ್ಪನ್ನೂ ಆಹಾರವನ್ನೂ ಹಿತಮಿತವಾಗಿ ಸೇವಿಸಬಲ್ಲನು.

ಪ್ರಕೃತಿ ನಮ್ಮ ದೇಹಕ್ಕೆ ಇನ್ನೊಂದು ವರವನ್ನೂ ನೀಡಿದೆ. ಅದು ಹವೆಗೆ ಹೊಂದಿಕೊಳ್ಳುವ ಶಕ್ತಿ. ತಂಪುನಾಡಿನ ಕ್ರೀಡಾಪಟುವೊಬ್ಬನು ಹತ್ತರಿಂದ ಹದಿನಾಲ್ಕು ದಿನಗಳ ಕಾಲ ಬಿಸಿಲಿನಲ್ಲಿ ದಿನಕ್ಕಿಷ್ಟು ಹೊತ್ತಿನಂತೆ ಕ್ರಮವಾಗಿ ಅಭ್ಯಾಸಮಾಡಿದರೆ ಅವನ ರಕ್ತದ ದ್ರವಭಾಗ ಹೆಚ್ಚುತ್ತದೆ. ಬೆವರು ಬೇಗನೆ ಮೊದಲಾಗುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ಕೆಲಸಕ್ಕೆ ಹೃದಯ ಮೊದಲಿಗಿಂತ ನಿಧಾನವಾಗಿ ಬಡಿಯುತ್ತದೆ. ಆದರೆ ಈ ಹೊಂದಾಣಿಕೆ ಶಾಶ್ವತವಲ್ಲ. ಅಭ್ಯಾಸ ತಪ್ಪಿದರೆ ಕೆಲವೇ ವಾರಗಳಲ್ಲಿ ಅದು ಕರಗಿಹೋಗುತ್ತದೆ. ಇದಲ್ಲದೆ ಸ್ಪರ್ಧಾಳುಗಳು ತಿಳಿಬಣ್ಣದ ಉಡುಪನ್ನು ತೊಡುತ್ತಾರೆ. ದಾರಿಯ ತಂಗುದಾಣಗಳಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಾರೆ. ಟೋಪಿಯೊಳಗೆ ಮಂಜುಗಡ್ಡೆಯನ್ನು ಇಟ್ಟುಕೊಳ್ಳುತ್ತಾರೆ.

ಈ ನಿಯಮಗಳ ಮುಂದೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. 1995ರ ಕೋನಾ ಸ್ಪರ್ಧೆಯೇ ಇದಕ್ಕೆ ಸಾಕ್ಷಿ. ಅಷ್ಟರಲ್ಲಿ ಏಳು ಬಾರಿ ಅಲ್ಲಿ ಗೆದ್ದಿದ್ದ ಪೌಲಾ ನ್ಯೂಬಿ-ಫ್ರೇಸರ್ ಆ ವರ್ಷವೂ ಮುಂದಿದ್ದಳು. ಹಿಂದಿನಿಂದ ಕ್ಯಾರೆನ್ ಸ್ಮೈಯರ್ಸ್ ಸಮೀಪಿಸುತ್ತಿರುವಳೆಂದು ತಿಳಿದು, ಸಮಯ ಉಳಿಸುವ ಆತುರದಲ್ಲಿ, ಆಕೆ ಕೊನೆಯ ತಂಗುದಾಣಗಳಲ್ಲಿ ನೀರು ತೆಗೆದುಕೊಳ್ಳದೆ ಮುಂದೆ ನಡೆದಳು. ಗುರಿ ಇನ್ನೇನು ಕೆಲವು ನೂರು ಮೀಟರ್ ಇದೆಯೆನ್ನುವಾಗ ಆಕೆ ತತ್ತರಿಸಿ ನೆಲಕ್ಕೊರಗಿದಳು. ಸ್ಮೈಯರ್ಸ್ ಮುಂದೆ ಸಾಗಿ ಗೆದ್ದಳು. ಬಹಳ ಹೊತ್ತಿನ ಮೇಲೆ ಪೌಲಾ ಎದ್ದು, ಮೆಲ್ಲನೆ ನಡೆದು, ನಾಲ್ಕನೆಯವಳಾಗಿ ಗುರಿ ಸೇರಿದಳು. ಅದೇ ದಿನ, ಅದೇ ದಾರಿಯಲ್ಲಿ, 37 ವರ್ಷದ ಮಾರ್ಕ್ ಅಲೆನ್ ಸೈಕಲ್ ಇಳಿದಾಗ ಮುಂದಿದ್ದ ಜರ್ಮನಿಯ ಥಾಮಸ್ ಹೆಲ್‌ರೀಗೆಲನಿಗಿಂತ ಹದಿಮೂರು ನಿಮಿಷಕ್ಕೂ ಹೆಚ್ಚು ಹಿಂದಿದ್ದನು. ಹೃದಯದ ಬಡಿತವನ್ನು ಮಿತಿಯಲ್ಲಿಟ್ಟು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಅವನು ಧೃತಿಗೆಡದೆ ಓಡಿ, ಓಟದ ಕೊನೆಯ ಭಾಗದಲ್ಲಿ ಎದುರಾಳಿಯನ್ನು ಹಿಂದೆ ಹಾಕಿ, ಆರನೆಯ ಬಾರಿಗೆ ವಿಜಯಿಯಾದನು. ಪೌಲಾಳೂ ಸೋಲಿನಿಂದ ಕಂಗೆಡಲಿಲ್ಲ. ಮರುವರ್ಷ ಅಲ್ಲಿಯೇ ಎಂಟನೆಯ ಬಾರಿ ಗೆದ್ದಳು.

ಬಿಸಿಲಿನ ಅಪಾಯ ದೂರದ ದ್ವೀಪಕ್ಕೆ ಮಾತ್ರ ಸೀಮಿತವಾದುದಲ್ಲ. ಶಾಲೆಯ ಆಟದ ಬಯಲಿನಲ್ಲಿಯೂ ಹೊಲದ ಕೆಲಸದಲ್ಲಿಯೂ ಅದು ಎದುರಾಗಬಹುದು. ದುಡಿಯುತ್ತಿದ್ದವನು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಗುರುತು ಹಿಡಿಯದಾದರೆ, ಕುಸಿದುಬಿದ್ದರೆ ಅದು ಬರಿಯ ಆಯಾಸವೆಂದು ಸುಮ್ಮನಿರಬಾರದು. ಅದು ಉಷ್ಣಾಘಾತವಿರಬಹುದು. ಮೈಮೇಲೆ ಬೆವರಿದೆಯೆಂದು ನಿಶ್ಚಿಂತರಾಗಲೂ ಬಾರದು. ಕೂಡಲೆ ನೆರಳಿಗೆ ಒಯ್ದು, ಬಟ್ಟೆಯನ್ನು ಸಡಿಲಿಸಿ, ತೊಟ್ಟಿಯಿದ್ದರೆ ತಲೆಯನ್ನು ಮೇಲೆ ಹಿಡಿದು ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಬೇಕು. ಇಲ್ಲವಾದರೆ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ವೈದ್ಯರಿಗೆ ತಕ್ಷಣ ಹೇಳಿಕಳುಹಿಸಬೇಕು. ಆದರೆ ಅವರು ಬರುವವರೆಗೆ ತಂಪುಮಾಡುವುದನ್ನು ನಿಲ್ಲಿಸಬಾರದು. ಮೊದಲ ಅರ್ಧ ಗಂಟೆಯೊಳಗೆ ದೇಹದ ಕಾವನ್ನು ಇಳಿಸಿದರೆ ಪ್ರಾಣ ಉಳಿಯುವ ಸಂಭವ ಬಹಳ ಹೆಚ್ಚು.

ಛಲವಿಲ್ಲದವನು ದೊಡ್ಡ ಕಾರ್ಯವನ್ನು ಸಾಧಿಸಲಾರನು. ಆದರೆ ಛಲವೊಂದೇ ಬೆವರನ್ನು ಆವಿಯಾಗಿಸದು. ರಕ್ತಕ್ಕೆ ನೀರನ್ನು ತುಂಬದು. ದೇಹ ಕೊಡುವ ಎಚ್ಚರಿಕೆಯನ್ನು ಕೇಳಿ ವೇಗವನ್ನು ತಗ್ಗಿಸುವುದೂ, ಬೇಕಾದಾಗ ಸ್ಪರ್ಧೆಯನ್ನೇ ಬಿಟ್ಟು ನಿಲ್ಲುವುದೂ ಹೇಡಿತನವಲ್ಲ. ಅದೂ ಒಂದು ಬಗೆಯ ಧೈರ್ಯವೇ. ನಿಂತವನು ಮತ್ತೊಂದು ದಿನ ಓಡಬಲ್ಲನು. ಉಕ್ಕನ್ನು ಹದಮಾಡುವ ಕಮ್ಮಾರನಿಗೆ ಕಾವಿನ ಅಳತೆ ತಿಳಿದಿರಬೇಕು. ಉಕ್ಕಿನ ಮನುಷ್ಯನಾಗಬಯಸುವವನಿಗೂ ಅದು ತಿಳಿದಿರಬೇಕು.