ತೊಟ್ಟಿಲ ಕೋಣೆಯ ಬೆಳಕು

ಲೂಯಿ ಲ್ಯೂಮಿಯೇರನು 1895ರಲ್ಲಿ, ತನ್ನ ಅಣ್ಣ ಆಗಸ್ಟ್ ಮತ್ತು ಅತ್ತಿಗೆಯರು ತಮ್ಮ ಎಳೆಯ ಮಗಳು ಆಂಡ್ರೆಗೆ ಉಣಿಸುತ್ತಿದ್ದ ದೃಶ್ಯವನ್ನು ಚಲಚ್ಚಿತ್ರವಾಗಿ ಸೆರೆಹಿಡಿದು, ಅದೇ ವರ್ಷದ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಹಣ ತೆತ್ತು ಬಂದ ಪ್ರೇಕ್ಷಕರಿಗೆ ಪ್ರದರ್ಶಿಸಿದನು. ಒಂದು ನಿಮಿಷವೂ ತುಂಬದ ಆ ಚಿತ್ರದಲ್ಲಿ ಊಟದ ಮೇಜು ಮನೆಯೊಳಗಿಲ್ಲ, ಹೊರಗಿನ ಬಯಲಿನಲ್ಲಿದೆ. ಅಂದಿನ ಫಿಲ್ಮಿಗೆ ಹಗಲ ಬೆಳಕಿಲ್ಲದೆ ಗತಿಯಿರಲಿಲ್ಲ.

ಮನೆಗೆ ಮಗು ಬರುವುದರೊಳಗೆ ಅಗ್ಗದ ವಿಡಿಯೊ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದಿದ್ದೇವೆ, ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಉತ್ತಮವೆಂದು ಓದುಗರೊಬ್ಬರು ಕೇಳಿದ್ದಾರೆ. ಅಂಗಡಿಯವರು ಕಲಿಸಿಕೊಟ್ಟ ಪ್ರಶ್ನೆಯಿದು. ಕೇಳಬೇಕಾದುದು ಬೆಳಕಿನ ಮಾತು. ಏಕೆಂದರೆ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಇರುವಲ್ಲಿ, ರಾತ್ರಿ ದೀಪ ಹೊತ್ತಿಸಿದ ಬಾಣಂತಿಯ ಕೋಣೆಯಲ್ಲಿ ನೂರು ಲಕ್ಸ್ ಇದ್ದರೆ ಹೆಚ್ಚು, ಮತ್ತು ಶಿಶುವಿನ ಮೊದಲ ತಿಂಗಳುಗಳೆಲ್ಲ ಕಳೆಯುವುದು ಆ ಕೋಣೆಯಲ್ಲಿಯೇ.

ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬುವರು 1969ರಲ್ಲಿ ಸಿಸಿಡಿ ಎಂಬ ಬೆಳಕಿನ ಸಂವೇದಕವನ್ನು ಕಲ್ಪಿಸಿದಂದಿನಿಂದ (ಅದಕ್ಕೆ ನೊಬೆಲ್ ಪಾರಿತೋಷಕ ದೊರೆತುದು ನಲವತ್ತು ವರ್ಷಗಳ ತರುವಾಯ, 2009ರಲ್ಲಿ!), ಆ ಬಳಿಕ 1990ರ ದಶಕದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ರೂಪಿಸಿದ, ಇಂದು ಎಲ್ಲರ ಮೊಬೈಲಿನಲ್ಲೂ ಇರುವ ಸಿಮೋಸ್ ಸಂವೇದಕದವರೆಗೆ, ಮೂಲ ವ್ಯಾಪಾರ ಒಂದೇ: ಬೆಳಕಿನ ಕಣಗಳು ಸಿಲಿಕಾನಿನ ಮೇಲೆ ಬಿದ್ದು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ, ಯಂತ್ರವು ಅವನ್ನು ಎಣಿಸುತ್ತದೆ. ಸೋನೆಮಳೆಯಲ್ಲಿ ಅಂಗಳದ ತುಂಬ ಒತ್ತಾಗಿ ಬಟ್ಟಲುಗಳನ್ನು ಜೋಡಿಸಿಟ್ಟಿರುವುದಾಗಿ ಭಾವಿಸಿರಿ: ಅಂಗಳವೇ ಸಂವೇದಕ, ಬಟ್ಟಲುಗಳೇ ಪಿಕ್ಸೆಲ್ಲುಗಳು, ಹನಿಗಳೇ ಬೆಳಕಿನ ಕಣಗಳು. ಹನಿಗಳು ಕ್ರಮವಿಲ್ಲದೆ ಬೀಳುವುದರಿಂದ, ಸರಾಸರಿ ನೂರು ಹನಿ ಬೀಳುವಲ್ಲಿ ಒಂದು ಬಟ್ಟಲಿಗೂ ಇನ್ನೊಂದಕ್ಕೂ ಸುಮಾರು ಹತ್ತು ಹನಿಗಳ, ಅಂದರೆ ನೂರಕ್ಕೆ ಹತ್ತರಷ್ಟು ಏರುಪೇರು ಸಹಜ. ಹತ್ತು ಸಾವಿರ ಹನಿ ಬೀಳುವಲ್ಲಿ ಏರುಪೇರು ನೂರು ಹನಿ, ನೂರಕ್ಕೆ ಒಂದು ಮಾತ್ರ. ಮಂದ ಬೆಳಕಿನ ವಿಡಿಯೊದಲ್ಲಿ ಮಗುವಿನ ಕೆನ್ನೆಯ ಮೇಲೆ ಕುದಿಯುವ ಮರಳಿನಂತಹ ಚುಕ್ಕೆಗಳು ಬಹುಮಟ್ಟಿಗೆ ಈ ವರ್ಗಮೂಲದ ನಿಯಮದ ಫಲವೇ ಹೊರತು ತಯಾರಕನ ಅಪರಾಧವಲ್ಲ. ಮೆಗಾಪಿಕ್ಸೆಲ್ ಹೆಚ್ಚಿಸುವುದೆಂದರೆ ಅದೇ ಅಂಗಳದಲ್ಲಿ ಇನ್ನೂ ಚಿಕ್ಕ ಬಟ್ಟಲುಗಳನ್ನು ಇನ್ನೂ ಹೆಚ್ಚಾಗಿ ಇಡುವುದು. ಅಂಗಳ ಹಿಗ್ಗದ ಹೊರತು, ಅಥವಾ ಮಸೂರದ ಬಾಯಿ ಅಗಲವಾಗಿ ಮಳೆ ಜೋರಾಗದ ಹೊರತು, ಒಟ್ಟು ನೀರು ಎಲ್ಲಿಂದ ಹೆಚ್ಚೀತು? ಫುಲ್ ಎಚ್‌ಡಿ ಚಿತ್ರಕ್ಕೆ ಬೇಕಾದುದು 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷ ಚಿಲ್ಲರೆ ಬಿಂದುಗಳು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಉಳಿದ ಕೋಟಿಗಳು ಜಾಹೀರಾತಿನ ಅಲಂಕಾರ.

ಅಗ್ಗದ ಹ್ಯಾಂಡಿಕ್ಯಾಮುಗಳ ಗುಟ್ಟು ಇಲ್ಲಿಯೇ ಇದೆ. ಮೂವತ್ತು ಪಟ್ಟು ಜೂಮನ್ನು ಅಂಗೈಯಷ್ಟು ಗಾತ್ರದಲ್ಲಿ, ಕಡಿಮೆ ವೆಚ್ಚದಲ್ಲಿ ಒದಗಿಸಬೇಕಾದರೆ ಸಂವೇದಕವನ್ನು ಕುಗ್ಗಿಸದೆ ವಿಧಿಯಿಲ್ಲ. ಅಂತಹ ಕೆಲವು ಯಂತ್ರಗಳಲ್ಲಿ ಅದರ ಕರ್ಣವು 3 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ, ಈಚಿನ ಮಧ್ಯಮ ಬೆಲೆಯ ಮೊಬೈಲುಗಳ ಮುಖ್ಯ ಕ್ಯಾಮೆರಾದಲ್ಲಿ 6 ಮಿಲಿಮೀಟರನ್ನು ಮೀರಿರುವುದು ಸಾಮಾನ್ಯ. ಕರ್ಣ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿ. ಎರಡು ಗಜ ದೂರದ ತೊಟ್ಟಿಲಿಗೆ ಮೂವತ್ತು ಪಟ್ಟು ಜೂಮಿನಿಂದ ಆಗಬೇಕಾದುದೇನು? ಆದುದರಿಂದ ಜೇಬಿನಲ್ಲಿರುವ ಮೊಬೈಲು ತಕ್ಕಮಟ್ಟಿಗೆ ಹೊಸದಾಗಿದ್ದರೆ, ಕ್ಯಾಮೆರಾಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಒಳ್ಳೆಯ ದೀಪವನ್ನೂ ವಿಡಿಯೊಗಳ ಪ್ರತಿಗಳನ್ನಿಡಲು ಎರಡು ಹಾರ್ಡ್ ಡಿಸ್ಕುಗಳನ್ನೂ ಕೊಂಡು, ಒಂದನ್ನು ಬಂಧುಗಳ ಮನೆಯಲ್ಲಿಡುವುದು ಮೇಲೆಂದು ನನ್ನ ಅಭಿಪ್ರಾಯ. ಮಗು ಬೆಳೆದು ಶಾಲೆಯ ವೇದಿಕೆಯನ್ನೇರಿದ ಕಾಲಕ್ಕೆ ಜೂಮಿನ ಯೋಚನೆ ಮಾಡಬಹುದು. ಅಷ್ಟರಲ್ಲಿ ಯಂತ್ರಗಳೂ ಬದಲಾಗಿರುತ್ತವೆ.

ಆದರೂ ಕ್ಯಾಮೆರಾವನ್ನು ಕೊಳ್ಳುವುದೇ ಆದರೆ, ಇನ್ನೊಂದು ಸೂಕ್ಷ್ಮವಿದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ, ಹಳೆಯ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು, ಸೆಕೆಂಡಿಗೆ 30 ಚೌಕಟ್ಟುಗಳಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ತೇಲಾಡುವ ಪಟ್ಟೆಗಳಾಗಿ ಕಾಣಿಸಿಕೊಳ್ಳಬಹುದು. 25 ಅಥವಾ 50 ಚೌಕಟ್ಟುಗಳನ್ನು ಆರಿಸಿಕೊಳ್ಳಲು ಅವಕಾಶವಿದೆಯೇ, ಷಟರನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಬಹುದೇ ಎಂಬುದನ್ನು ಹಣ ಕೊಡುವ ಮುನ್ನ, ಅಂಗಡಿಯಲ್ಲಿಯೇ ಕ್ಯಾಮೆರಾದ ಮೆನುವನ್ನು ತೆರೆದು ನೋಡತಕ್ಕದ್ದು.