ನೀರುಂಡ ನೆಲದೊಳಗೆ ಏನಾಗುತ್ತದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿ ತಾಲ್ಲೂಕಿನ ಎರೆ ಹೊಲಗಳನ್ನು ಬೇಸಿಗೆಯಲ್ಲಿ ನೋಡಿದ್ದೀರಾ? ನೆಲವೆಲ್ಲ ಬಿರುಕು ಬಿಟ್ಟಿರುತ್ತದೆ. ನಾಲ್ಕು ಮಳೆಯಾದರೆ ಬಿರುಕುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನೀರು ಹೀರಿ ಹಿಗ್ಗುವ, ಆರಿದಾಗ ಕುಗ್ಗುವ ಮಾಂಟ್‌ಮೊರಿಲ್ಲೊನೈಟ್ ಗುಂಪಿನ ಜೇಡಿ ಖನಿಜಗಳೇ ಇದಕ್ಕೆ ಕಾರಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಬಸಾಲ್ಟ್ ಆಯಿತು. ಆ ಶಿಲೆ ಶಿಥಿಲವಾಗಿ ಈ ಜೇಡಿ ಉಂಟಾಯಿತು.

ಈ ಬಸಾಲ್ಟ್‌ನಲ್ಲಿ ತೈಲವಿಲ್ಲ. ಆದರೂ ಇಲ್ಲಿಯ ರೈತರಿಗೂ ತೈಲಕ್ಷೇತ್ರದ ಎಂಜಿನಿಯರರಿಗೂ ಎದುರಾಗುವ ಪ್ರಶ್ನೆ ಒಂದೇ. ವರ್ಷಗಟ್ಟಲೆ ನೀರು ಇಳಿಯುತ್ತಿದ್ದರೆ ನೆಲದೊಳಗಿನ ರಂಧ್ರಗಳು ಮೊದಲಿನಂತೆಯೇ ಉಳಿಯುತ್ತವೆಯೇ?

ತೈಲ ತೆಗೆದಂತೆಲ್ಲ ಶಿಲೆಯೊಳಗಿನ ಒತ್ತಡ ಇಳಿಯುತ್ತದೆ. ಅದನ್ನು ಕಾಯ್ದುಕೊಳ್ಳಲು ಮತ್ತು ಉಳಿದ ತೈಲವನ್ನು ಬಾವಿಯತ್ತ ತಳ್ಳಲು ನೀರನ್ನು ಒಳಕ್ಕೆ ಪಂಪು ಮಾಡುತ್ತಾರೆ. ಶಿಲೆಯಲ್ಲಿ ರಂಧ್ರಗಳು ಎಷ್ಟಿವೆ ಎಂಬುದು ಅದರ ಸರಂಧ್ರತೆ. ಅವುಗಳ ಮೂಲಕ ದ್ರವ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು ಪಾರಗಮ್ಯತೆ. ಜೇಡಿಯಿರುವ ಮರಳುಗಲ್ಲಿಗೆ ಸಿಹಿನೀರು ನುಗ್ಗಿಸಿದರೆ ಜೇಡಿ ಹಿಗ್ಗಬಹುದು, ಕಣಗಳು ಕಳಚಿ ರಂಧ್ರಗಳ ಕಿರಿದಾದ ಕೊರಳಿನಲ್ಲಿ ಸಿಕ್ಕಿಕೊಳ್ಳಬಹುದು. ಆಗ ಪಾರಗಮ್ಯತೆ ಕುಸಿಯುತ್ತದೆ. ಉತ್ತರ ಸಮುದ್ರದ ಎಕೋಫಿಸ್ಕ್ ಕ್ಷೇತ್ರದ್ದು ಇನ್ನೊಂದು ಬಗೆ. ಅಲ್ಲಿ 1987ರಲ್ಲಿ ದೊಡ್ಡ ಪ್ರಮಾಣದಲ್ಲಿ ಸಮುದ್ರದ ನೀರು ತುಂಬಲು ತೊಡಗಿದರು. ಒತ್ತಡ ಸುಧಾರಿಸಿದರೂ ನೀರು ತಾಗಿದ ಸೀಮೆಸುಣ್ಣದ ಶಿಲೆ ದುರ್ಬಲವಾಗಿ, ಅದು ಕುಗ್ಗುವುದು ಮುಂದುವರಿಯಿತು.

ಈಗ ವಿಜಯಪುರ ಜಿಲ್ಲೆಗೆ ಮರಳೋಣ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಆಲಮಟ್ಟಿ ಎಡದಂಡೆ ಕಾಲುವೆಯಿಂದ ಮುದ್ದೇಬಿಹಾಳದ ಕಡೆಗೆ, ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆಯಿಂದ ಸಿಂದಗಿ, ಇಂಡಿಗಳ ಕಡೆಗೆ ಹರಿಯಿತು. ಒಣಬೇಸಾಯದ ನಾಡಿಗೆ ಇದು ದೊಡ್ಡ ವರ. ಆದರೆ ಬಸಿದು ಹೋಗಲು ದಾರಿಯಿಲ್ಲದ ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೇರುತ್ತದೆ. ಲೋಮನಾಳ ಕ್ರಿಯೆಯಿಂದ ಮೇಲಕ್ಕೆ ಬಂದ ನೀರು ಆವಿಯಾಗಿ ಲವಣ ಉಳಿಯುತ್ತದೆ. ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಗೊಳ್ಳುತ್ತದೆ. ಕರಗಿಯೇ ಇರುವ ಸೋಡಿಯಂ ಜೇಡಿಯ ಮೇಲಿನ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ. ರೈತರು ಹೇಳುವ ಸವಳು-ಜವಳು ಹೀಗೆ ಹುಟ್ಟುತ್ತದೆ.

ಜೇಡಿ ಖನಿಜ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಎರಡು ಧನಾವೇಶವುಳ್ಳ ಕ್ಯಾಲ್ಸಿಯಂ ಅಯಾನು ಪದರಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಒಂದೇ ಆವೇಶದ ಸೋಡಿಯಂನ ಹಿಡಿತ ಸಡಿಲ. ನೀರು ಪದರಗಳ ನಡುವೆ ಹೊಕ್ಕು ಅವನ್ನು ಬಿಡಿಸಿ ಚದುರಿಸುತ್ತದೆ. ಚದುರಿದ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಹೊಲದಲ್ಲಿ ನೀರು ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ.

ಹಾಗಾದರೆ ಒಳ್ಳೆಯ ನೀರು ಹರಿಸಿ ಲವಣ ತೊಳೆದುಬಿಡಬಹುದಲ್ಲ ಎಂದು ನೀವು ಕೇಳಬಹುದು. ಸೋಡಿಯಂ ತುಂಬಿದ ಎರೆಮಣ್ಣಿನಲ್ಲಿ ಇದು ತಿರುಗುಬಾಣ. ನೀರಿನ ಲವಣಾಂಶ ತಗ್ಗಿದಷ್ಟೂ ಜೇಡಿ ಇನ್ನಷ್ಟು ಚದುರುತ್ತದೆ. ಆದ್ದರಿಂದ ಮೊದಲು ಬಸಿಗಾಲುವೆ, ಆಮೇಲೆ ಮಣ್ಣು ಪರೀಕ್ಷೆಗೆ ತಕ್ಕಷ್ಟು ಜಿಪ್ಸಂ, ಕೊನೆಗೆ ತೊಳೆಯುವ ನೀರು ಎಂಬುದು ಸರಿಯಾದ ಕ್ರಮ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ. ನೀರು ಅದನ್ನು ಹೊತ್ತೊಯ್ಯುತ್ತದೆ. ತೈಲ ಎಂಜಿನಿಯರರೂ ಪಂಪು ಮಾಡುವ ಮೊದಲು ಆ ನೀರು ಶಿಲೆಗೆ ಒಗ್ಗುತ್ತದೆಯೇ ಎಂದು ಶಿಲೆಯ ತುಂಡಿನ ಮೇಲೆ ಪರೀಕ್ಷಿಸುತ್ತಾರೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಮೂರು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ, ಒಂದೊಂದು ಚಮಚ ಎರೆಮಣ್ಣು ಹಾಕಿ. ಒಂದಕ್ಕೆ ಚಿಟಿಕೆ ಬಟ್ಟೆ ಸೋಡಾ, ಇನ್ನೊಂದಕ್ಕೆ ಚಿಟಿಕೆ ಜಿಪ್ಸಂ ಸೇರಿಸಿ. ಮೂರನೆಯದು ಹಾಗೆಯೇ ಇರಲಿ. ಚೆನ್ನಾಗಿ ಕಲಕಿ ಕೆಲವು ಗಂಟೆ ಅಲುಗಿಸದೆ ಇಡಿ. ಜಿಪ್ಸಂ ಹಾಕಿದ ನೀರು ಬೇಗ ತಿಳಿಯಾಗುತ್ತದೆ, ಸೋಡಾ ಹಾಕಿದ್ದು ಬಗ್ಗಡವಾಗಿಯೇ ಉಳಿಯುತ್ತದೆ. ಮಣ್ಣು ಅದೇ, ನೀರೂ ಅದೇ. ಬೇರೆಯಾದದ್ದು ಅದರಲ್ಲಿ ಕರಗಿದ ಲವಣ ಮಾತ್ರ. ಹೊಲಕ್ಕೆ ಎಷ್ಟು ನೀರು ಬಂತು ಎಂದು ಕೇಳುವ ನಾವು, ಅದರಲ್ಲಿ ಏನು ಕರಗಿದೆ, ಅದು ಎಲ್ಲಿಗೆ ಬಸಿಯುತ್ತದೆ ಎಂದೂ ಕೇಳಬೇಕು.